ನಿಂಬೆಹಣ್ಣು ಮತ್ತು ನಿಂಬೆ ಎಣ್ಣೆ: ಗಂಟಲಿಗೆ, ಕೂದಲಿಗೆ, ಚರ್ಮಕ್ಕೆ ಬಳಸುವುದು ಹೇಗೆ

ನಿಂಬೆಹಣ್ಣಿನ ಸಿಪ್ಪೆಯ ಒಂದು ತುಂಡು ಕತ್ತರಿಸಿಕೊಂಡು ಬೆಳಕಿಗೆ ಹಿಡಿದು ನೋಡಿ. ಹಳದಿ ಭಾಗದ ತುಂಬಾ ಸೂಜಿಮೊನೆಯಷ್ಟು ಚುಕ್ಕಿಗಳು ಕಾಣುತ್ತವೆ. ಒಂದೊಂದು ಚುಕ್ಕಿಯೂ ಎಣ್ಣೆ ತುಂಬಿದ ಪುಟ್ಟ ಚೀಲ. ಈಗ ಒಂದು ಮೇಣದಬತ್ತಿ ಹಚ್ಚಿ, ಸಿಪ್ಪೆಯ ಹಳದಿ ಭಾಗ ಜ್ವಾಲೆಯ ಕಡೆ ಇರುವಂತೆ ನಾಲ್ಕು ಬೆರಳು ದೂರದಲ್ಲಿ ಹಿಡಿದು ಪಟಕ್ಕನೆ ಮಡಚಿ. ಚಿಟಪಟ ಅಂತ ಕಿಡಿ ಹಾರುತ್ತದೆ. ಆ ಚೀಲಗಳು ಒಡೆದು ಚಿಮ್ಮಿದ ಎಣ್ಣೆ ಉರಿದಾಗ ಬರುವ ಕಿಡಿ ಅದು. ಇದೇ ಸಿಪ್ಪೆಯನ್ನು ಥರ್ಮೋಕೋಲ್ ತುಂಡಿನ ಮೇಲೆ ಹಿಂಡಿದರೆ ಥರ್ಮೋಕೋಲ್ ಕರಗಿ ಸಣ್ಣ ಗುಳಿ ಬೀಳುತ್ತದೆ. ರಸವನ್ನು ಬೆಂಕಿಗೆ ಚಿಮುಕಿಸಿದರೂ ಥರ್ಮೋಕೋಲ್ ಮೇಲೆ ಸುರಿದರೂ ಇಂಥದ್ದೇನೂ ಆಗುವುದಿಲ್ಲ.

ನಿಂಬೆಯ ಮನೆಮದ್ದುಗಳ ಬಗ್ಗೆ ಇರುವ ಗೊಂದಲ ಅರ್ಧಕ್ಕರ್ಧ ಇಲ್ಲೇ ಹುಟ್ಟುವುದು. ರಸ ಬೇರೆ, ಎಣ್ಣೆ ಬೇರೆ. ರಸದಲ್ಲಿರುವುದು ಮುಖ್ಯವಾಗಿ ನೀರು, ನೂರಕ್ಕೆ 5-6 ಭಾಗ ಸಿಟ್ರಿಕ್ ಆಮ್ಲ, ಒಂದಿಷ್ಟು ವಿಟಮಿನ್ ಸಿ. ಎಣ್ಣೆಯಲ್ಲಿ ಹುಳಿಯೂ ಇಲ್ಲ, ವಿಟಮಿನ್ ಸಿ ಕೂಡ ಇಲ್ಲ. ಅದರಲ್ಲಿ ಮೂರರಲ್ಲಿ ಎರಡು ಪಾಲು ಲಿಮೊನಿನ್ ಅನ್ನುವ ವಸ್ತು, ಉಳಿದಿದ್ದು ಪೈನಿನ್, ಟರ್ಪಿನಿನ್, ಸಿಟ್ರಾಲ್ ಇತ್ಯಾದಿ. ಹಾಗಾಗಿ "ನಿಂಬೆ ಎಣ್ಣೆಯಲ್ಲಿ ವಿಟಮಿನ್ ಸಿ ಇದೆ, ನೀರಿಗೆ ಎರಡು ಹನಿ ಹಾಕಿ ಕುಡಿಯಿರಿ" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಓದುವುದು ನಿಲ್ಲಿಸಬಹುದು. ಯಾವ ಕೆಲಸಕ್ಕೆ ರಸ, ಯಾವುದಕ್ಕೆ ಸಿಪ್ಪೆ, ಯಾವುದಕ್ಕೆ ಬಾಟಲಿ ಎಣ್ಣೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡರೆ ಉಳಿದಿದ್ದೆಲ್ಲಾ ಸಲೀಸು.

ಹಣ್ಣು ಆರಿಸುವುದು, ರಸ ತೆಗೆಯುವುದು

ಕೈಯಲ್ಲಿ ಹಿಡಿದಾಗ ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಸಿಪ್ಪೆ ನುಣುಪಾಗಿ ತೆಳ್ಳಗಿದ್ದರೆ ರಸ ಜಾಸ್ತಿ. ದಪ್ಪಗೆ, ಉಬ್ಬುತಗ್ಗಾಗಿದ್ದರೆ ರಸ ಕಡಿಮೆ, ಆದರೆ ಸಿಪ್ಪೆಯ ಕೆಲಸಕ್ಕೆ ಅದೇ ಒಳ್ಳೆಯದು. ಸಣ್ಣಗೆ ದುಂಡಗಿರುವ ತೆಳುಸಿಪ್ಪೆಯ ನಿಂಬೆ ಒಂದು ಜಾತಿ, ಎರಡೂ ತುದಿ ಚೂಪಾಗಿ ಮೊಟ್ಟೆಯಾಕಾರದಲ್ಲಿರುವ ದೊಡ್ಡ ಹಳದಿ ನಿಂಬೆ ಇನ್ನೊಂದು. ಗಂಟಲಿಗೆ, ಕೂದಲಿಗೆ ಯಾವುದಾದರೂ ಸರಿ. ಚರ್ಮದ ವಿಷಯಕ್ಕೆ ಬಂದಾಗ ಮಾತ್ರ ಸಣ್ಣದರ ಸಿಪ್ಪೆ ಹೆಚ್ಚು ಕಾಟ ಕೊಡುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಫ್ರಿಜ್‌ನಿಂದ ತೆಗೆದ ತಕ್ಷಣ ಹಿಂಡಬೇಡಿ. ಸ್ವಲ್ಪ ಹೊತ್ತು ಹೊರಗಿಟ್ಟು, ಅಂಗೈಯಡಿ ಒತ್ತಿ ಉರುಳಿಸಿ, ಆಮೇಲೆ ಕತ್ತರಿಸಿ. ಸಿಪ್ಪೆ ಬಳಸುವುದಿದ್ದರೆ ಬಿಸಿನೀರಲ್ಲಿ ಉಜ್ಜಿ ತೊಳೆಯಲೇಬೇಕು, ಯಾಕೆಂದರೆ ಎಷ್ಟೋ ಹಣ್ಣುಗಳಿಗೆ ಬಾಡದಿರಲಿ ಅಂತ ಮೇಣ ಹಚ್ಚಿರುತ್ತಾರೆ. ರಸ ಹಿಂಡಲು, ಇಡಲು ಗಾಜಿನ ಅಥವಾ ಪಿಂಗಾಣಿ ಪಾತ್ರೆ ಬಳಸಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಬೇಡ. ಹುಳಿ ಲೋಹವನ್ನು ಕರಗಿಸುತ್ತದೆ, ತಾಮ್ರವಂತೂ ವಿಟಮಿನ್ ಸಿಯನ್ನು ಬೇಗ ಹಾಳುಮಾಡುತ್ತದೆ. ಹಣ್ಣುಗಳು ಜಾಸ್ತಿ ಇದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರಿಜ್‌ನಲ್ಲಿಡಿ, ಮೂರ್ನಾಲ್ಕು ವಾರ ಏನೂ ಆಗುವುದಿಲ್ಲ. ಇಲ್ಲವೇ ರಸ ಹಿಂಡಿ ಐಸ್ ಟ್ರೇಗೆ ಸುರಿದಿಡಿ, ಒಂದೊಂದು ಸಲಕ್ಕೆ ಒಂದೊಂದು ತುಂಡು.

ಕುಡಿಯಲು: ಏನಕ್ಕೆ ಆಗುತ್ತದೆ, ಏನಕ್ಕೆ ಆಗುವುದಿಲ್ಲ

ನಿಂಬೆಯನ್ನು ಔಷಧಿ ಅಂತ ಕಣ್ಣಾರೆ ತೋರಿಸಿಕೊಟ್ಟ ಘಟನೆ ನಡೆದಿದ್ದು ಹಡಗಿನಲ್ಲಿ. 1747ರಲ್ಲಿ ಸಾಲ್ಸ್‌ಬರಿ ಎಂಬ ಬ್ರಿಟಿಷ್ ನೌಕಾಪಡೆಯ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ, ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆಯಿಂದ ಒಸಡು ಕೊಳೆತು ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದೊಂದು ಜೋಡಿಗೆ ಒಂದೊಂದು ಬಗೆಯ ಮದ್ದು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಜೋಡಿ ಮಾತ್ರ ಬೇಗ ಚೇತರಿಸಿಕೊಂಡಿತು. ಆರೇ ದಿನಕ್ಕೆ ಹಣ್ಣು ಮುಗಿಯಿತು, ಅಷ್ಟರಲ್ಲೇ ಒಬ್ಬ ಕೆಲಸಕ್ಕೆ ಮರಳುವಂತಾಗಿದ್ದ. ಇಷ್ಟಾದರೂ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡಲು ಶುರುಮಾಡಿದ್ದು 1795ರಲ್ಲಿ! ಮುಂದೆ 19ನೇ ಶತಮಾನದಲ್ಲಿ ಹಳದಿ ನಿಂಬೆ ಬಿಟ್ಟು ಸಣ್ಣ ನಿಂಬೆಯ ರಸಕ್ಕೆ ಬದಲಾದರು. ಅದರಲ್ಲಿ ವಿಟಮಿನ್ ಸಿ ಮೊದಲೇ ಕಡಿಮೆ, ಜೊತೆಗೆ ಗಾಳಿ, ಬೆಳಕು, ತಾಮ್ರದ ಕೊಳವೆಗಳ ಸಹವಾಸದಲ್ಲಿ ಇದ್ದಷ್ಟೂ ಹಾಳಾಗುತ್ತಿತ್ತು. ಸ್ಕರ್ವಿ ಮತ್ತೆ ಕಾಣಿಸಿಕೊಂಡಿತು. ತಾಮ್ರದ ಪಾತ್ರೆ ಬೇಡ ಅಂದಿದ್ದು ಸುಮ್ನೆ ಅಲ್ಲ.

ಆದರೆ ಇವತ್ತು ಹಣ್ಣು ತರಕಾರಿ ತಿನ್ನುವವರಿಗೆ ಸ್ಕರ್ವಿ ಬರುವುದು ಅಪರೂಪ. ನೂರು ಗ್ರಾಂ ನಿಂಬೆರಸದಲ್ಲಿ ಸುಮಾರು 39 ಮಿ.ಗ್ರಾಂ ವಿಟಮಿನ್ ಸಿ ಇರುತ್ತದೆ, ಒಂದು ದೊಡ್ಡ ಹಣ್ಣಿನಿಂದ ಸಿಗುವ ರಸ 40 ಮಿ.ಲೀ. ಆಸುಪಾಸು. ಅಂದರೆ ಒಂದು ಹಣ್ಣಿಗೆ 15 ಮಿ.ಗ್ರಾಂ. ದೊಡ್ಡವರಿಗೆ ದಿನಕ್ಕೆ ಇಷ್ಟು ಬೇಕು ಅಂತ ಒಂದೊಂದು ದೇಶದಲ್ಲಿ ಒಂದೊಂದು ಲೆಕ್ಕ, 40ರಿಂದ ಹಿಡಿದು 110 ಮಿ.ಗ್ರಾಂವರೆಗೆ. ಒಳ್ಳೆಯದೇ, ಆದರೆ ಒಂದು ಲೋಟ ನಿಂಬೆನೀರು ಕುಡಿದು ಇಡೀ ದಿನದ ವಿಟಮಿನ್ ಮುಗಿಯಿತು ಅಂದುಕೊಳ್ಳಬೇಡಿ.

ಗಂಟಲು ಕೆರೆತಕ್ಕೆ ಹೀಗೆ ಮಾಡಿ. ಒಂದು ಲೋಟ ನೀರು ಕುದಿಸಿ, ಒಲೆಯಿಂದ ಇಳಿಸಿ, ಆರಾಮಾಗಿ ಗುಟುಕರಿಸುವಷ್ಟು ಬಿಸಿಗೆ ಬರುವವರೆಗೆ ಬಿಡಿ. ಈಗ ಅರ್ಧ ಹಣ್ಣಿನ ರಸ ಹಿಂಡಿ. ಕುದಿಯುವ ನೀರಿಗೆ ಹಿಂಡಿದರೆ ವಿಟಮಿನ್ ಸಿ ಒಂದಷ್ಟು ಹಾಳಾಗುತ್ತದೆ, ರುಚಿಯೂ ಕಹಿಯಾಗುತ್ತದೆ. ಒಂದು ಚಮಚ ಜೇನು ಬೆರೆಸಿ, ನಿಧಾನಕ್ಕೆ ಕುಡಿಯಿರಿ. ಹುಳಿ ಬಾಯಲ್ಲಿ ಜೊಲ್ಲು ಹೆಚ್ಚಿಸುತ್ತದೆ, ಜೇನು ಗಂಟಲಿನ ಮೇಲೆ ತೆಳುವಾಗಿ ಹರಡುತ್ತದೆ, ಬಿಸಿ ಹಿತ ಕೊಡುತ್ತದೆ. ಕೆಮ್ಮಿಗೆ ಇಲ್ಲಿ ನಿಜವಾದ ಕೆಲಸಗಾರ ಜೇನು, ನಿಂಬೆ ಜೊತೆಗಾರ ಅಷ್ಟೇ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೊಡಲೇಬಾರದು, ಒಂದು ಚಮಚದ ತುದಿಯಷ್ಟೂ ಬೇಡ. ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಬಾಟ್ಯುಲಿಸಂ ಅನ್ನುವ ಕಾಯಿಲೆ ಬರುವ ಅಪಾಯವಿದೆ.

ರಕ್ತಹೀನತೆ ಇರುವವರಿಗೆ ನಿಂಬೆಯಿಂದ ಒಂದು ನೇರ ಲಾಭವಿದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದೇ ಊಟದ ಜೊತೆ ವಿಟಮಿನ್ ಸಿ ಇದ್ದರೆ ಹೆಚ್ಚು ಹತ್ತುತ್ತದೆ. ಹಾಗಾಗಿ ರಸವನ್ನು ಊಟದ ಮೇಲೆಯೇ ಹಿಂಡಿಕೊಳ್ಳಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಈ ಲಾಭ ಸಿಗುವುದಿಲ್ಲ. ಆ ಹೊತ್ತಿಗೆ ಟೀ, ಕಾಫಿ ದೂರ ಇರಲಿ, ಅವು ಇದಕ್ಕೆ ಉಲ್ಟಾ ಕೆಲಸ ಮಾಡುತ್ತವೆ.

ಕಿಡ್ನಿ ಕಲ್ಲಿನ ಬಗ್ಗೆ ಹೇಳುವುದರಲ್ಲೂ ಹುರುಳಿದೆ. ನಿಂಬೆಯ ಸಿಟ್ರಿಕ್ ಆಮ್ಲದಿಂದ ಬರುವ ಸಿಟ್ರೇಟ್ ಮೂತ್ರದಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಅದು ಹರಳುಗಟ್ಟದಂತೆ ನೋಡಿಕೊಳ್ಳುತ್ತದೆ. ಮೂತ್ರದಲ್ಲಿ ಸಿಟ್ರೇಟ್ ಕಡಿಮೆ ಇದ್ದು ಪದೇಪದೇ ಕ್ಯಾಲ್ಸಿಯಂ ಕಲ್ಲಾಗುವವರಿಗೆ, ದಿನಕ್ಕೆ ಅರ್ಧ ಕಪ್ ಅಂದರೆ ಸುಮಾರು 120 ಮಿ.ಲೀ. ರಸವನ್ನು ಎರಡು ಲೀಟರ್ ನೀರಿನಲ್ಲಿ ಬೆರೆಸಿ ಇಡೀ ದಿನ ಕುಡಿಯಲು ವೈದ್ಯರು ಹೇಳುವುದುಂಟು. ಈಗಾಗಲೇ ಆಗಿರುವ ಕಲ್ಲನ್ನು ಇದು ಕರಗಿಸುವುದಿಲ್ಲ, ಹೊಸದು ಆಗದಿರಲಿ ಅಂತ ಇದು. ಕಲ್ಲಿನಲ್ಲೂ ಹಲವು ಬಗೆ ಇರುವುದರಿಂದ, ನಿಮ್ಮದು ಯಾವುದು ಅಂತ ಪರೀಕ್ಷೆ ಮಾಡಿಸದೆ ನೀವೇ ಶುರುಮಾಡಬೇಡಿ. ಕಿಡ್ನಿ ದುರ್ಬಲವಾಗಿದ್ದು ಅಲ್ಯೂಮಿನಿಯಂ ಇರುವ ಆಂಟಾಸಿಡ್ ತೆಗೆದುಕೊಳ್ಳುವವರು ಅದರ ಜೊತೆ ನಿಂಬೆನೀರು ಕುಡಿಯಬಾರದು, ಸಿಟ್ರೇಟ್ ಆ ಲೋಹವನ್ನು ರಕ್ತಕ್ಕೆ ಸೇರಿಸಿಬಿಡುತ್ತದೆ.

ಇನ್ನು ಕೊಬ್ಬು ಕರಗಿಸುವುದು, ಮೈಯಿಂದ ವಿಷ ಹೊರಹಾಕುವುದು, ರಕ್ತವನ್ನು ಕ್ಷಾರ ಮಾಡುವುದು. ಇವನ್ನು ನಾನು ನಂಬುವುದಿಲ್ಲ. ರಕ್ತದ ಪಿಎಚ್ (ಹುಳಿ, ಕ್ಷಾರದ ಅಳತೆ; ಕಡಿಮೆಯಾದಷ್ಟೂ ಹುಳಿ ಜಾಸ್ತಿ) 7.35ರಿಂದ 7.45ರ ನಡುವೆ ಇರುವಂತೆ ಶ್ವಾಸಕೋಶ, ಕಿಡ್ನಿ ಸದಾ ನೋಡಿಕೊಳ್ಳುತ್ತವೆ. ಒಂದು ಲೋಟ ನಿಂಬೆನೀರು ಅದನ್ನು ಅಲ್ಲಾಡಿಸುವುದಿಲ್ಲ, ಅಲ್ಲಾಡಿಸಿದ್ದರೆ ನಾವು ಆಸ್ಪತ್ರೆಯಲ್ಲಿ ಇರಬೇಕಾಗಿತ್ತು. ಬೆಳಗ್ಗೆ ಸಕ್ಕರೆ ಹಾಕಿದ ಪಾನೀಯದ ಬದಲು ನಿಂಬೆನೀರು ಕುಡಿದವರು ತೂಕ ಇಳಿಸಿಕೊಂಡರೆ ಅದು ಬಿಟ್ಟ ಸಕ್ಕರೆಯಿಂದ, ಅಲ್ವಾ?

ಹಲ್ಲಿನ ಮಾತು ಮರೆಯುವ ಹಾಗಿಲ್ಲ. ನಿಂಬೆರಸದ ಪಿಎಚ್ 2ರಿಂದ 3. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲಿನ ಗಟ್ಟಿ ಪದರ ಸವೆಯಲು ಶುರುವಾಗುತ್ತದೆ. ದಿನಾ ಕುಡಿಯುವವರು ಚೆನ್ನಾಗಿ ನೀರು ಬೆರೆಸಿ, ಸ್ಟ್ರಾದಲ್ಲಿ, ಒಂದೊಂದು ಲೋಟವನ್ನೂ ಒಂದೇ ಸಲಕ್ಕೆ ಕುಡಿದು ಮುಗಿಸಿ. ಗಂಟೆಗಟ್ಟಲೆ ಗುಟುಕು ಗುಟುಕಾಗಿ ಕುಡಿಯುವುದೇ ಹಲ್ಲಿಗೆ ಹೆಚ್ಚು ಕೆಟ್ಟದ್ದು. ಕುಡಿದಾದ ಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ತಕ್ಷಣ ಬ್ರಷ್ ಮಾಡಬೇಡಿ, ಮೆತ್ತಗಾಗಿರುವ ಪದರವನ್ನು ನೀವೇ ಉಜ್ಜಿ ತೆಗೆದಂತಾಗುತ್ತದೆ. ಅರ್ಧ ಗಂಟೆಯಾದರೂ ಬಿಡಿ, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಹಲ್ಲು ಬೆಳ್ಳಗಾಗಲಿ ಅಂತ ನಿಂಬೆ ಸಿಪ್ಪೆ ತಿಕ್ಕುವ ಅಭ್ಯಾಸವನ್ನಂತೂ ಇವತ್ತೇ ಬಿಟ್ಟುಬಿಡಿ. ಎದೆಯುರಿ, ಬಾಯಿಹುಣ್ಣು ಇರುವವರಿಗೆ ನಿಂಬೆನೀರು ಹಿತವಲ್ಲ.

ವಾಕರಿಕೆಗೆ ವಾಸನೆ

ಇದು ನಿಂಬೆಯ ಉಪಯೋಗಗಳಲ್ಲೇ ಅತಿ ಸುಲಭದ್ದು. ಪ್ರಯಾಣದಲ್ಲಿ ಹೊಟ್ಟೆ ತೊಳೆಸಿದಾಗ ಹಣ್ಣಿನ ಸಿಪ್ಪೆಯನ್ನು ಉಗುರಲ್ಲಿ ಕೆರೆದು ಮೂಗಿನ ಹತ್ತಿರ ಹಿಡಿದು ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದುಕೊಳ್ಳಿ. ಉಗುರು ತಾಗಿದಾಗ ಬೆರಳಿಗೆ ಹತ್ತುವ ತಂಪು ಜಿಡ್ಡೇ ಆ ಎಣ್ಣೆ. ಐದು ನಿಮಿಷ ಬಿಟ್ಟು ಮತ್ತೊಮ್ಮೆ. ಎಣ್ಣೆ ಬಾಟಲಿ ಇದ್ದರೆ ಹತ್ತಿಯ ಉಂಡೆಗೆ ಒಂದು ಹನಿ ಸಾಕು, ಮೂಗಿಗೆ ತಾಗಿಸಬೇಡಿ. 2014ರಲ್ಲಿ ಇರಾನಿನಲ್ಲಿ 100 ಗರ್ಭಿಣಿಯರ ಮೇಲೆ ನಡೆದ ಅಧ್ಯಯನದಲ್ಲಿ ನಿಂಬೆ ಎಣ್ಣೆಯ ಪರಿಮಳ ಮೂಸಿದವರಿಗೆ ವಾಕರಿಕೆ, ವಾಂತಿ ಕಡಿಮೆಯಾಗಿದ್ದು ಕಂಡುಬಂದಿತ್ತು. ಅಧ್ಯಯನ ಸಣ್ಣದು. ಆದರೆ ಮೂಸಿ ನೋಡಿ ಕಳೆದುಕೊಳ್ಳುವುದೇನೂ ಇಲ್ಲ. ನೀರೂ ನಿಲ್ಲದಷ್ಟು ವಾಂತಿಯಾಗುತ್ತಿದ್ದರೆ ಮಾತ್ರ ಇದನ್ನು ನೆಚ್ಚಿ ಕೂರಬೇಡಿ, ವೈದ್ಯರ ಹತ್ತಿರ ಹೋಗಿ.

ಕೂದಲಿಗೆ

ಗಡಸು ನೀರಿನಲ್ಲಿ ಸೋಪಿನಿಂದ ತಲೆ ತೊಳೆದರೆ ಕೂದಲ ಮೇಲೆ ಮಂಕು ಪದರವೊಂದು ಕೂತುಬಿಡುತ್ತದೆ. ಕ್ಷಾರಕ್ಕೆ ಕೂದಲಿನ ಹೊರಗಿನ ಪೊರೆ ಎದ್ದು ಒರಟಾಗುತ್ತದೆ. ಸ್ವಲ್ಪ ಹುಳಿ ತಾಗಿದರೆ ಪದರ ಬಿಡುತ್ತದೆ, ಪೊರೆ ಮಲಗುತ್ತದೆ, ಹೊಳಪು ಬರುತ್ತದೆ.

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಟೇಬಲ್ ಚಮಚ ರಸ, ಜರಡಿ ಹಿಡಿದದ್ದು. ತಲೆ ತೊಳೆದಾದ ಮೇಲೆ ಕಣ್ಣು ಮುಚ್ಚಿಕೊಂಡು ಇದನ್ನು ಸುರಿದುಕೊಳ್ಳಿ, ಒಂದು ನಿಮಿಷ ಬಿಟ್ಟು ಬರೀ ನೀರಲ್ಲಿ ತೊಳೆಯಿರಿ. ವಾರಕ್ಕೆ ಒಮ್ಮೆ ಸಾಕು. ತೊಳೆಯದೆ ಬಿಸಿಲಿಗೆ ಹೋಗಬೇಡಿ. ನಿಂಬೆರಸ ಮತ್ತು ಬಿಸಿಲು ಸೇರಿದರೆ ಕೂದಲಿನ ಬಣ್ಣ ತಿಳಿಯಾಗುತ್ತದೆ. ಅದಕ್ಕಂತಲೇ ಬೇಕೆಂದು ಮಾಡುವವರೂ ಇದ್ದಾರೆ, ಆದರೆ ಹಾಗೆ ಹೋದ ಬಣ್ಣ ಹೊಸ ಕೂದಲು ಬೆಳೆಯುವ ತನಕ ವಾಪಸ್ ಬರುವುದಿಲ್ಲ. ಕೂದಲು ಒಣಗಿ ಹುಲ್ಲಾಗುವುದು ಬೇರೆ.

ತಲೆಹೊಟ್ಟಿಗೆ ನಿಂಬೆ ರಾಮಬಾಣ ಅನ್ನುವುದು ಉತ್ಪ್ರೇಕ್ಷೆ. ಹೊಟ್ಟಿಗೆ ಮುಖ್ಯ ಕಾರಣ ಮಲಸೀಜಿಯಾ ಎಂಬ ಯೀಸ್ಟ್. ನಿಂಬೆನೀರು ಸಡಿಲವಾದ ಹೊಟ್ಟನ್ನು, ಜಿಡ್ಡನ್ನು ತೆಗೆದು ಎರಡು ದಿನ ನೆಮ್ಮದಿ ಕೊಡುತ್ತದೆ, ಯೀಸ್ಟ್ ಹಾಗೇ ಇರುತ್ತದೆ. ಕೆರೆದು ಗಾಯವಾದ ನೆತ್ತಿಗೆ ಹಸಿ ರಸ ಹಚ್ಚಿದರೆ ಉರಿ ತಡೆಯಲಾಗುವುದಿಲ್ಲ. ಹೊಟ್ಟು ಹೋಗುತ್ತಲೇ ಇಲ್ಲ ಅಂದರೆ ಕೀಟೋಕೊನಝೋಲ್ ಇರುವ ಶಾಂಪೂ ಬಗ್ಗೆ ವೈದ್ಯರನ್ನು ಕೇಳಿ.

ಚರ್ಮ: ಇಲ್ಲಿ ಸ್ವಲ್ಪ ನಿಧಾನ

ಮುಖಕ್ಕೆ ನಿಂಬೆರಸ ಹಚ್ಚಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಾರಣ ಒಂದಲ್ಲ, ಮೂರು.

ಮೊದಲನೆಯದು ಹುಳಿ. ಮುಖದ ಸಿಪ್ಪೆ ಸುಲಿಯುವ ಹಣ್ಣಿನ ಆಮ್ಲಗಳ ಕ್ರೀಮುಗಳು ಬರುತ್ತವಲ್ಲ, ಮನೆಬಳಕೆಯ ಅಂಥ ಕ್ರೀಮುಗಳಲ್ಲಿ ಆಮ್ಲ ಶೇ. 10 ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗೆ ಹೋಗಬಾರದು ಅನ್ನುವುದು ತಜ್ಞರ ಮಾರ್ಗಸೂಚಿ. ನಿಂಬೆರಸ ಅದಕ್ಕಿಂತ ಎಷ್ಟೋ ಕೆಳಗಿದೆ. ಚರ್ಮದ ಸಹಜ ಪಿಎಚ್ 5ರ ಆಸುಪಾಸು.

ಎರಡನೆಯದು ವಿಟಮಿನ್ ಸಿ ಲೆಕ್ಕ. ಮುಖಕ್ಕೆ ಹಚ್ಚುವ ವಿಟಮಿನ್ ಸಿ ಸೀರಂಗಳಲ್ಲಿ ಶೇ. 10ರಿಂದ 20ರಷ್ಟು ವಿಟಮಿನ್ ಇರುತ್ತದೆ. ನಿಂಬೆರಸದಲ್ಲಿರುವುದು ಶೇ. 0.04. ಅಷ್ಟರಿಂದ ಕಲೆ ಹೋಗುವುದಿಲ್ಲ, ಉರಿ ಮಾತ್ರ ಪೂರ್ತಿ ಸಿಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ನಿಂಬೆ ಸಿಪ್ಪೆಯ ಎಣ್ಣೆಯಲ್ಲಿ ಬರ್ಗಾಪ್ಟಿನ್‌ನಂಥ ಫ್ಯುರಾನೊಕೌಮರಿನ್ ಎಂಬ ವಸ್ತುಗಳಿವೆ. ಚರ್ಮದ ಮೇಲೆ ಅವು ಸುಮ್ಮನೆ ಕೂತಿರುತ್ತವೆ, ಸೂರ್ಯನ ಯುವಿಎ ಕಿರಣ ಬಿದ್ದ ತಕ್ಷಣ ಎಚ್ಚೆತ್ತು ಜೀವಕೋಶಗಳನ್ನು ಸುಡುತ್ತವೆ. ಕೈಯಲ್ಲಿ ಹಣ್ಣು ಹಿಂಡಿದರೆ ಸಿಪ್ಪೆಯ ಎಣ್ಣೆಯೂ ರಸದ ಜೊತೆ ಬರುತ್ತದೆ, ಹಾಗಾಗಿ "ನಾನು ಬರೀ ರಸ ಹಚ್ಚಿದ್ದು" ಅನ್ನುವ ಹಾಗಿಲ್ಲ. ಮೋಸ ಏನೆಂದರೆ ಆ ಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಕಳೆದ ಮೇಲೆ ಕೆಂಪಗಾಗಿ ಉರಿ ಶುರುವಾಗುತ್ತದೆ, ಎರಡು ಮೂರನೇ ದಿನಕ್ಕೆ ಜೋರಾಗಿ ನೀರಗುಳ್ಳೆಯೂ ಏಳಬಹುದು. ಎಷ್ಟೋ ಸಲ ರಸ ಹರಿದ ದಾರಿಯ ಆಕಾರದಲ್ಲೇ ಗೆರೆಗೆರೆಯಾಗಿ, ಬೆರಳಚ್ಚಿನ ಹಾಗೆ ಏಳುತ್ತದೆ. ಅದು ವಾಸಿಯಾದ ಮೇಲೆ ಉಳಿಯುವ ಕಂದು ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಕಲೆ ತೆಗೆಯಲು ಹಚ್ಚಿದ್ದು ಕಲೆ ಮಾಡಿಟ್ಟು ಹೋಗುತ್ತದೆ. ಸಣ್ಣ ನಿಂಬೆಯಲ್ಲಿ ಈ ಗುಣ ಇನ್ನೂ ಜಾಸ್ತಿ. ಮೋಡ ಕವಿದಿದೆ, ಕಿಟಕಿ ಗಾಜಿನ ಹಿಂದೆ ಕೂತಿದ್ದೇನೆ ಅಂತ ಧೈರ್ಯ ಮಾಡಬೇಡಿ, ಯುವಿಎ ಎರಡನ್ನೂ ದಾಟಿ ಬರುತ್ತದೆ. ಹೊರಗೆ ಬಿಸಿಲಲ್ಲಿ ಪಾನಕಕ್ಕೆ ಹಣ್ಣು ಹಿಂಡುವವರೂ ಕೆಲಸ ಮುಗಿದ ತಕ್ಷಣ ಸೋಪಿನಲ್ಲಿ ಕೈ ತೊಳೆಯಬೇಕು.

ಹಾಗಾದರೆ ಚರ್ಮಕ್ಕೆ ನಿಂಬೆ ಬೇಡವೇ ಬೇಡವಾ? ದಪ್ಪ ಚರ್ಮ ಇರುವ ಕಡೆ, ತೊಳೆದುಕೊಳ್ಳುವ ರೀತಿಯಲ್ಲಿ, ರಾತ್ರಿ ಹೊತ್ತು ಆಗಬಹುದು.

ಒರಟಾದ ಹಿಮ್ಮಡಿ, ಮೊಣಕೈಗೆ: ಹತ್ತು ನಿಮಿಷ ಬಿಸಿನೀರಲ್ಲಿ ನೆನೆಸಿ. ರಸ ಹಿಂಡಿ ಉಳಿದ ಅರ್ಧ ಹೋಳಿನ ಒಳಭಾಗಕ್ಕೆ ಒಂದು ಚಿಟಿಕೆ ಸಕ್ಕರೆ ಉದುರಿಸಿ ಮೆಲ್ಲಗೆ ಒಂದು ನಿಮಿಷ ಉಜ್ಜಿ. ಸೋಪಿನಲ್ಲಿ ತೊಳೆದು, ಒರೆಸಿ, ತಕ್ಷಣ ದಪ್ಪಗೆ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಸಾಕ್ಸ್ ಹಾಕಿಕೊಂಡು ಮಲಗಿ. ಹಿಮ್ಮಡಿ ಒಡೆದು ರಕ್ತ ಕಾಣುತ್ತಿದ್ದರೆ ನಿಂಬೆ ಬಿಟ್ಟು ಬರೀ ಜೆಲ್ಲಿ ಹಚ್ಚಿ. ಸಕ್ಕರೆ ಕಾಯಿಲೆ ಇರುವವರು ಕಾಲಿನ ಮೇಲೆ ಇಂಥ ಪ್ರಯೋಗಕ್ಕೇ ಹೋಗಬಾರದು.

ಕೈಗೆ ಹತ್ತಿದ ಬೆಳ್ಳುಳ್ಳಿ, ಮೀನಿನ ವಾಸನೆಗೆ ನಿಂಬೆ ನಿಜಕ್ಕೂ ಕೆಲಸ ಮಾಡುತ್ತದೆ. ಮೀನಿನ ವಾಸನೆಗೆ ಕಾರಣವಾದ ಅಮೀನ್‌ಗಳು ಕ್ಷಾರ, ಹುಳಿ ತಾಗಿದ ಕೂಡಲೇ ಗಾಳಿಗೆ ಏಳದ ಲವಣವಾಗಿ ನೀರಲ್ಲಿ ಹೋಗುತ್ತವೆ. ಉಗುರಿನ ಹಳದಿ ಕಲೆಗೆ ಹೋಳಿನಲ್ಲಿ ಬೆರಳ ತುದಿ ಚುಚ್ಚಿ ಒಂದೆರಡು ನಿಮಿಷ ಇಟ್ಟು ತೊಳೆಯಿರಿ. ಕಂಕುಳ ವಾಸನೆಗೆ ನಾಲ್ಕು ಪಾಲು ನೀರಿಗೆ ಒಂದು ಪಾಲು ರಸ ಬೆರೆಸಿ ಹತ್ತಿಯಲ್ಲಿ ಒರೆಸಿ ತೊಳೆಯಬಹುದು, ಕೂದಲು ತೆಗೆದ ದಿನ ಮಾತ್ರ ಬೇಡ. ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸುವ ಸಲಹೆಯೂ ಓಡಾಡುತ್ತಿದೆ. ಬುರುಗು ಬರುವುದು ನೋಡಲು ಚಂದ, ಆದರೆ ಹುಳಿ ಮತ್ತು ಕ್ಷಾರ ಒಂದನ್ನೊಂದು ಮುಗಿಸಿಬಿಟ್ಟಿರುತ್ತವೆ.

ಗಾಯ, ಸುಟ್ಟ ಜಾಗ, ಕಣ್ಣಿನ ಸುತ್ತ ಎಲ್ಲೂ ಬೇಡ.

ಬಾಟಲಿ ಎಣ್ಣೆ ಕೊಳ್ಳುವಾಗ

ಲೇಬಲ್ ಓದಿ. ಸಸ್ಯದ ಹೆಸರು ಸಿಟ್ರಸ್ ಲಿಮನ್ ಅಂತ ಇರಬೇಕು. ಬರೀ "ಲೆಮನ್ ಫ್ರಾಗ್ರೆನ್ಸ್ ಆಯಿಲ್" ಅಂತಿದ್ದರೆ ಅದು ಕೃತಕ ಸುಗಂಧ ಆಗಿರಬಹುದು. ಲೆಮನ್‌ಗ್ರಾಸ್ ಎಣ್ಣೆ ಹುಲ್ಲಿನಿಂದ ಬರುವುದು, ಅದರಲ್ಲಿ ಸಿಟ್ರಾಲ್ ಶೇ. 70ರಿಂದ 80, ಚರ್ಮಕ್ಕೆ ಬಲು ತೀಕ್ಷ್ಣ. ಸೊಳ್ಳೆ ಓಡಿಸಲು ಹೆಸರಾದ ಲೆಮನ್ ಯೂಕಲಿಪ್ಟಸ್ ನೀಲಗಿರಿಯ ಸಂಬಂಧಿ. ಎರಡಕ್ಕೂ ನಿಂಬೆಗೂ ಸಂಬಂಧವಿಲ್ಲ, ಹೆಸರು ನೋಡಿ ಏಮಾರಬೇಡಿ.

ಆಮೇಲೆ ತೆಗೆದ ವಿಧಾನ ನೋಡಿ. ಸಿಪ್ಪೆಯನ್ನು ಯಂತ್ರದಲ್ಲಿ ಒತ್ತಿ, ಬಿಸಿ ಮಾಡದೆ ತೆಗೆದದ್ದು ಕೋಲ್ಡ್ ಪ್ರೆಸ್ಡ್. ಪರಿಮಳ ತಾಜಾ ಹಣ್ಣಿನಂತೆಯೇ ಇರುತ್ತದೆ, ಆದರೆ ಬಿಸಿಲಿಗೆ ಸುಡುವ ಆ ವಸ್ತುಗಳೂ ಅದರಲ್ಲೇ ಇರುತ್ತವೆ. ಆವಿಯಲ್ಲಿ ಬಟ್ಟಿ ಇಳಿಸಿದ್ದರಲ್ಲಿ ಅವು ಇರುವುದಿಲ್ಲ, ಯಾಕೆಂದರೆ ಆ ಭಾರದ ಅಣುಗಳು ಆವಿಯ ಜೊತೆ ಮೇಲೇಳುವುದಿಲ್ಲ. ಪರಿಮಳ ಸ್ವಲ್ಪ ಸಪ್ಪೆ. ಕೋಣೆಯ ಪರಿಮಳಕ್ಕೆ ಮೊದಲನೆಯದು, ಮೈಗೆ ಹಚ್ಚಲು ಎರಡನೆಯದು ತೆಗೆದುಕೊಳ್ಳಿ.

ಮೈಗೆ ಹಚ್ಚುವ ಎಣ್ಣೆ ಬೆರೆಸುವ ಕ್ರಮ:

1. ಬಾದಾಮಿ, ಎಳ್ಳು, ತೆಂಗು ಹೀಗೆ ಯಾವುದಾದರೂ ಸಾದಾ ಎಣ್ಣೆ 30 ಮಿ.ಲೀ. ಅಳೆದು ಗಾಢ ಬಣ್ಣದ ಗಾಜಿನ ಬಾಟಲಿಗೆ ಹಾಕಿ.
2. ನಿಂಬೆ ಎಣ್ಣೆ ಆರು ಹನಿ ಬೆರೆಸಿ. ಒಂದು ಮಿ.ಲೀ.ಗೆ ಸುಮಾರು 20 ಹನಿ ಅಂತ ಹಿಡಿದರೆ ಇದು ಶೇ. 1 ಆಗುತ್ತದೆ. ಹನ್ನೆರಡು ಹನಿ ಹಾಕಿದರೆ ಶೇ. 2. ಬಿಸಿಲು ಬೀಳುವ ಚರ್ಮದ ಮೇಲೆ ಹಚ್ಚಿ ಬಿಡುವಂಥದ್ದರಲ್ಲಿ ಒತ್ತಿ ತೆಗೆದ ನಿಂಬೆ ಎಣ್ಣೆಗೆ ಇದೇ ಗರಿಷ್ಠ ಮಿತಿ, ಸಣ್ಣ ನಿಂಬೆಯ ಎಣ್ಣೆಗೆ ಶೇ. 0.7. ನನ್ನ ಸಲಹೆ ಕೇಳಿದರೆ ಒಂದಕ್ಕೇ ನಿಲ್ಲಿಸಿ.
3. ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ, ಮೇಲೆ ಬ್ಯಾಂಡೇಜ್ ಅಂಟಿಸಿ ಒಂದು ದಿನ ಬಿಡಿ. ಕೆಂಪು, ತುರಿಕೆ ಬಂದರೆ ನಿಮಗೆ ಆಗುವುದಿಲ್ಲ ಅಂತ ಅರ್ಥ.
4. ಹಚ್ಚಿದರೆ ರಾತ್ರಿ ಹಚ್ಚಿ. ಒತ್ತಿ ತೆಗೆದ ಎಣ್ಣೆ ಹಚ್ಚಿದ ಭಾಗ ಕನಿಷ್ಠ 12 ಗಂಟೆ ಬಿಸಿಲಿಗೆ ಬೀಳದಿರಲಿ.

ಸ್ನಾನದ ನೀರಿಗೆ ನೇರವಾಗಿ ಹನಿಸಬೇಡಿ. ಎಣ್ಣೆ ನೀರಲ್ಲಿ ಕರಗದೆ ಮೇಲೆ ತೇಲಿ, ಹಾಗೇ ಮೈಗೆ ಅಂಟಿ ಚುರುಗುಡುತ್ತದೆ. ಮೇಲೆ ಹೇಳಿದ ಬೆರಕೆ ಎಣ್ಣೆಯನ್ನೇ ಮೈಗೆ ಸವರಿಕೊಂಡು ಸ್ನಾನ ಮಾಡಿ.

ಕೋಣೆಗೆ ಪರಿಮಳ ಹರಡುವ ಯಂತ್ರವಾದ ಡಿಫ್ಯೂಸರ್‌ನಲ್ಲಿ 100 ಮಿ.ಲೀ. ನೀರಿಗೆ ಮೂರರಿಂದ ಐದು ಹನಿ, ಅರ್ಧ ಗಂಟೆ ಓಡಿಸಿ ಆರಿಸಿ, ಕಿಟಕಿ ಸ್ವಲ್ಪ ತೆರೆದಿರಲಿ. ಅಸ್ತಮಾ ಇರುವವರಿಗೆ ಕೆಲವೊಮ್ಮೆ ಇದೇ ಕೆಮ್ಮು ಎಬ್ಬಿಸುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಬೇಡವೇ ಬೇಡ, ಲಿಮೊನಿನ್‌ನಂಥ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ.

ಬಾಟಲಿ ಮಕ್ಕಳ ಕೈಗೆ ಸಿಗದಂತೆ ಇಡಿ. ಅಕಸ್ಮಾತ್ ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ, ವಾಂತಿಯ ಜೊತೆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೇ ದೊಡ್ಡ ಅಪಾಯ. ಬಾಟಲಿಯನ್ನೂ ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಹಾರಿದರೆ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.

ಮನೆಯಲ್ಲೇ ಮಾಡಬಹುದಾ?

ಬಾಟಲಿಯಲ್ಲಿ ಸಿಗುವಂಥ ಎಣ್ಣೆ ಮನೆಯಲ್ಲಿ ಆಗುವ ಮಾತಲ್ಲ. ಸಿಪ್ಪೆಯ ಪರಿಮಳ ಹಿಡಿದ ಎಣ್ಣೆ ಮಾಡಬಹುದು. ಹಣ್ಣು ತೊಳೆದು ಒರೆಸಿ, ಹಳದಿ ಭಾಗವನ್ನು ಮಾತ್ರ ತೆಳ್ಳಗೆ ಹೆರೆಯಿರಿ, ಬಿಳಿ ಭಾಗ ಬೇಡ. ನೆರಳಲ್ಲಿ ಒಣಗಿಸಿ, ಮುರಿದರೆ ಚಟ್ಟನೆ ಸದ್ದು ಬರಬೇಕು. ಇಲ್ಲಿ ಆತುರಪಟ್ಟರೆ ಉಳಿದ ತೇವಕ್ಕೆ ಎಣ್ಣೆಯಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಗಾಜಿನ ಜಾಡಿಯಲ್ಲಿ ಸಿಪ್ಪೆ ಮುಳುಗುವಷ್ಟು ಎಣ್ಣೆ ಸುರಿದು, ಎರಡು ವಾರ ಕತ್ತಲಲ್ಲಿಟ್ಟು, ಆಗಾಗ ಅಲ್ಲಾಡಿಸಿ, ಬಟ್ಟೆಯಲ್ಲಿ ಸೋಸಿ. ಹಿಮ್ಮಡಿಗೆ, ಕೂದಲ ತುದಿಗೆ ಚೆನ್ನಾಗಿರುತ್ತದೆ. ಬಿಸಿಲಿನ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ.

ಕೊಂಡ ಎಣ್ಣೆಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ, ಮುಚ್ಚಳದ ಮೇಲೆ ತೆರೆದ ದಿನಾಂಕ ಬರೆಯಿರಿ. ಗಾಳಿ ತಾಗಿದ ಲಿಮೊನಿನ್ ನಿಧಾನವಾಗಿ ಬೇರೆ ವಸ್ತುಗಳಾಗಿ ಬದಲಾಗುತ್ತದೆ, ಚರ್ಮಕ್ಕೆ ಅಲರ್ಜಿ ತರುವುದು ಮುಖ್ಯವಾಗಿ ಆ ಹಳೇ ಎಣ್ಣೆಯೇ. ವರ್ಷ ದಾಟಿದ್ದು, ಮಂದವಾಗಿದ್ದು, ಹಣ್ಣಿನ ಬದಲು ಟರ್ಪೆಂಟೈನ್ ವಾಸನೆ ಬರುವುದು ಮೈಗೆ ಬೇಡ. ಎಸೆಯುವುದೂ ಬೇಡ. ಗಾಜಿನ ಜಾಡಿಗಳ ಮೇಲೆ ಲೇಬಲ್ ಕಿತ್ತಾಗ ಉಳಿಯುವ ಅಂಟಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಕೈಗವಸು ಹಾಕಿಕೊಂಡು, ಬಟ್ಟೆಗೆ ನಾಲ್ಕು ಹನಿ ಹಾಕಿ ಅಂಟಿನ ಮೇಲೆ ಒತ್ತಿ ಐದು ನಿಮಿಷ ಬಿಟ್ಟು ಉಜ್ಜಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಪ್ಲಾಸ್ಟಿಕ್ ಡಬ್ಬಿಯಾದರೆ ಮೊದಲು ತಳದಲ್ಲಿ ಒಂದು ಹನಿ ಹಾಕಿ ನೋಡಿ, ಕೆಲವು ಪ್ಲಾಸ್ಟಿಕ್ ಥರ್ಮೋಕೋಲ್‌ನಂತೆ ಇದಕ್ಕೂ ಕರಗುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಒಲೆಯಿಂದ ದೂರ ಹರವಿ ಒಣಗಿಸಿ.